ಬಣ್ಣ ಬಳಿದರೆ ಸ್ವದೇಶಿಯಾಗದು

2025ರ ನವೆಂಬರ್ 21ರಂದು ದುಬೈ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ನೆಲಕ್ಕಪ್ಪಳಿಸಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಮಡಿದರು. ಅಂದಿನಿಂದ ಇಲ್ಲಿನ ನಮ್ಮವರಲ್ಲಿ ಎರಡು ದನಿಗಳೇ ಜೋರಾಗಿವೆ. ಪ್ರಶ್ನಿಸುವವನು ದೇಶದ್ರೋಹಿ ಎಂಬುದೊಂದು. ನಮ್ಮವರ ಕೈಯಲ್ಲಿ ಇನ್ನೇನಾದೀತು ಎಂಬ ತಾತ್ಸಾರ ಇನ್ನೊಂದು. ಎರಡೂ ಸುಳ್ಳು.

ತಾತ್ಸಾರಕ್ಕೆ ಇತಿಹಾಸವೇ ಉತ್ತರ. 1961ರಷ್ಟು ಹಿಂದೆಯೇ ಎಚ್‌ಎಎಲ್ ನಿರ್ಮಿಸಿದ ಮಾರುತ್ ಯುದ್ಧವಿಮಾನ ಬೆಂಗಳೂರಿನಲ್ಲಿ ಹಾರಿತ್ತು. 1998ರ ಅಣುಪರೀಕ್ಷೆಯ ಬಳಿಕ ಅಮೆರಿಕ ನೆರವು ನಿಲ್ಲಿಸಿದಾಗಲೂ ನಮ್ಮ ಎಂಜಿನಿಯರುಗಳು ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಯನ್ನು ತಾವೇ ಪೂರ್ಣಗೊಳಿಸಿದರು. 2001ರ ಜನವರಿ 4ರಂದು ಅದು ಆಕಾಶಕ್ಕೇರಿತು.

ಆದರೆ ಜಯಘೋಷದ ಸುಳ್ಳು ಹೆಚ್ಚು ಅಪಾಯಕಾರಿ. ಅಲ್ ಕೂಜ್‌ನ ಗ್ಯಾರೇಜುಗಳಲ್ಲಿ ದುಡಿಯುವ ಯಾವ ಮೆಕ್ಯಾನಿಕ್‌ನನ್ನಾದರೂ ಕೇಳಿ: ಬಣ್ಣ ಬಳಿದ ಮಾತ್ರಕ್ಕೆ ಗಾಡಿ ಓಡದು. ತೇಜಸ್‌ನ ಎಂಜಿನ್ ಅಮೆರಿಕದ ಜಿಇ ಕಂಪನಿಯದು. 2021ರಲ್ಲಿ 83 ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಯಿತು, 99 ಎಂಜಿನ್‌ಗಳಿಗೆ ಬೇಡಿಕೆ ಹೋಯಿತು. ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಮಾರುತ್ ಸೊರಗಿದ್ದೂ ತಕ್ಕ ಎಂಜಿನ್ ಇಲ್ಲದೆಯೇ. 1989ರಲ್ಲಿ ಆರಂಭವಾದ ಕಾವೇರಿ ಎಂಜಿನ್ ತೇಜಸ್‌ಗೆ ಸಾಲುವಷ್ಟು ಬಲ ಗಳಿಸಲಿಲ್ಲ. ಒಂದೇ ಕೊರತೆ ಎರಡು ತಲೆಮಾರುಗಳನ್ನು ಕಾಡಿದರೆ ಅದರ ಹೊಣೆ ಕಾರ್ಖಾನೆಯದಲ್ಲ, ಪ್ರಭುತ್ವದ್ದು.

ಸ್ವದೇಶಿ ಎಂದು ಕೂಗುವ ಸರ್ಕಾರವೇ 2015ರಲ್ಲಿ, 108 ರಫೇಲ್‌ಗಳನ್ನು ಎಚ್‌ಎಎಲ್‌ನಲ್ಲಿ ತಯಾರಿಸುವ ಮಾತುಕತೆಯನ್ನು ಬದಿಗೊತ್ತಿ 36ನ್ನು ಫ್ರಾನ್ಸಿನಿಂದ ಸಿದ್ಧರೂಪದಲ್ಲೇ ತರಿಸಲು ಹೊರಟಿತು. 2019ರಲ್ಲಿ ನ್ಯಾಯವಾದ ವೇತನಕ್ಕಾಗಿ ಎಚ್‌ಎಎಲ್ ಕಾರ್ಮಿಕರು ಮುಷ್ಕರ ಹೂಡಬೇಕಾಯಿತು. ವಿಮಾನಕ್ಕೆ ಚಪ್ಪಾಳೆ, ಅದನ್ನು ಕಟ್ಟಿದವರೊಡನೆ ಚೌಕಾಸಿ!

ಶಾಂತಿ ಬಯಸುವ ನಮಗೇಕೆ ಯುದ್ಧವಿಮಾನದ ಉಸಾಬರಿ ಎಂದು ಪ್ರಗತಿಪರ ಮಿತ್ರರು ಕೇಳಬಹುದು. ನಾವು ಮೌನವಾಗಿದ್ದರೆ ಖರೀದಿ ನಿಲ್ಲುವುದಿಲ್ಲ. ಲೆಕ್ಕ ಕೇಳುವವರಷ್ಟೇ ಇಲ್ಲವಾಗುತ್ತಾರೆ. ಬಿಡಿಭಾಗಕ್ಕೆ ಪರರ ಬಾಗಿಲು ಕಾಯುವ ದೇಶಕ್ಕೆ ಸ್ವತಂತ್ರ ವಿದೇಶಾಂಗ ನೀತಿಯೂ ದಕ್ಕದು.

ಆದ್ದರಿಂದ ಕೇಳೋಣ: ದುಬೈ ದುರಂತದ ತನಿಖೆಯ ನಿಷ್ಕರ್ಷೆಗಳು ಸಂಸತ್ತಿನ ಮುಂದೆ ಬರಲಿ. ಎಂಜಿನ್ ಸಂಶೋಧನೆಗೆ ಚುನಾವಣೆಯ ಆಚೆಗೂ ಉಳಿಯುವ ಹಣ ಸಿಗಲಿ. ಕಾರ್ಮಿಕರಿಗೆ ಭದ್ರತೆಯಿರಲಿ. ಮುಂದಿನ ಚಾಲಕ ಅದೇ ಆಸನದಲ್ಲಿ ಕೂರುವ ಮೊದಲು ಸತ್ಯ ತಿಳಿದಿರಬೇಕು. ಮಡಿದವನಿಗೆ ಸಲ್ಲಬೇಕಾದ ಕನಿಷ್ಠ ಋಣ ಇದು.