ಬಾಡಿಗೆ ಮನೆಯಲ್ಲಿದ್ದರೆ ಮರ್ಯಾದೆ ಕಡಿಮೆಯಾಗುವುದಿಲ್ಲ

ಕಳೆದ ತಿಂಗಳು ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಕೋಣೆಗೆ ಬಂದು ಕೂತಿದ್ದೆ. ಫೋನ್ ಬಂತು. ನಾನು ಮದ್ರಸದಲ್ಲಿ ಕಲಿಸಲು ಶುರು ಮಾಡಿದ ಮೊದಲ ವರ್ಷಗಳಲ್ಲಿ, ವಿಟ್ಲದ ಹತ್ತಿರದ ಒಂದು ಊರಿನಲ್ಲಿ ನನ್ನಿಂದ ಓದಲು ಕಲಿತ ಹುಡುಗಿ. ಈಗ ಮೂರು ಮಕ್ಕಳ ತಾಯಿ.

“ಉಸ್ತಾದ್, ಒಂದು ವಿಷಯ ಕೇಳ್ಬೇಕಿತ್ತು. ಇವರು ಫ್ಲ್ಯಾಟ್ ತೆಗೆಯುವಾ ಅಂತಿದ್ದಾರೆ. ನನ್ನ ಚಿನ್ನ ಕೊಡದಿದ್ರೆ ಬ್ಯಾಂಕ್ ಲೋನ್ ಮಾಡ್ಬೇಕಾಗ್ತದೆ ಅಂತಾರೆ. ಚಿನ್ನ ಕೊಡದೆ ಅವರನ್ನು ಬಡ್ಡಿಗೆ ದೂಡಿದ ಪಾಪ ನನಗೆ ಬರ್ತದಾ?”

ಈ ಪ್ರಶ್ನೆ ಅವಳೊಬ್ಬಳದ್ದಲ್ಲ. ನಮ್ಮ ನೂರಾರು ಮನೆಗಳಲ್ಲಿ ಈ ಮಾತು ನಡೆಯುತ್ತಾ ಉಂಟು. ಹೆಚ್ಚಿನ ಹೆಂಗಸರು ಯಾರಲ್ಲೂ ಕೇಳುವುದಿಲ್ಲ, ಬಳೆ ತೆಗೆದು ಕೊಟ್ಟುಬಿಡುತ್ತಾರೆ. ಇವಳು ಕೇಳಿದ್ದಾಳೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಅವಳ ಅನುಮತಿಯೂ ಉಂಟು.

ಅವಳ ಗಂಡ ಸೌದಿಯ ಜುಬೈಲ್‌ನಲ್ಲಿ ಕೆಲಸದಲ್ಲಿದ್ದಾರೆ. ಹೆಂಡತಿ ಮಕ್ಕಳೂ ಅಲ್ಲೇ ಇದ್ದರು. 2017ರ ಜುಲೈಯಿಂದ ಅಲ್ಲಿ ಕುಟುಂಬದ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. ವರ್ಷ ವರ್ಷ ಏರಿ 2020ಕ್ಕೆ ಅದು 400 ರಿಯಾಲ್ ಆಯಿತು. ಆ ವರ್ಷಗಳಲ್ಲಿ ಸಾಮಾನು ಕಟ್ಟಿ ಊರಿಗೆ ಬಂದ ಕುಟುಂಬಗಳಲ್ಲಿ ಇವರದ್ದೂ ಒಂದು. ಕೆಲವು ವರ್ಷ ಊರಿನ ಮನೆಯಲ್ಲಿದ್ದರು. ಈಗ ದೊಡ್ಡ ಮಗಳ ಕಾಲೇಜಿಗಾಗಿ ದೇರಳಕಟ್ಟೆಯ ಹತ್ತಿರ ಬಾಡಿಗೆ ಮನೆಗೆ ಬಂದಿದ್ದಾರೆ. ಬಂದು ಮೂರು ತಿಂಗಳು ಆಗಿಲ್ಲ, ಕುಟುಂಬದವರ ಪ್ರಶ್ನೆ ಶುರು: “ಎಷ್ಟು ದಿವಸ ಅಂತ ಬಾಡಿಗೆಯಲ್ಲಿ? ಬಾಡಿಗೆ ಕೊಡುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಂದು ಫ್ಲ್ಯಾಟ್ ತೆಗೆಯಿರಿ ಮಾರಾಯ್ರೆ.”

ನಾನು ಅವಳಿಗೆ ಹೇಳಿದೆ: “ಪಾಪ ಬರುವುದಿಲ್ಲ. ಚಿನ್ನ ನಿನ್ನದು, ಕೊಡುವುದೂ ಕೊಡದಿರುವುದೂ ನಿನ್ನ ಇಷ್ಟ. ಆದರೆ ಚಿನ್ನ ಇಲ್ಲವೇ ಬಡ್ಡಿ ಅಂತ ಎರಡೇ ದಾರಿ ಹೇಳಿದವರು ಯಾರು? ಈಗ ಇರುವ ಬಾಡಿಗೆ ಮನೆಯಲ್ಲೇ ಇರುವುದು ಒಂದು ದಾರಿ ಅಲ್ವಾ?” ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆ ಮನೆಯಲ್ಲಿ ಯಾರೂ ಅದನ್ನು ಒಂದು ದಾರಿ ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಮ್ಮ ಗಂಡಸರು ಗಲ್ಫಿನಲ್ಲಿ ಇಪ್ಪತ್ತು ವರ್ಷ ಒಂದು ಕೋಣೆಯಲ್ಲಿ ಆರು ಜನರ ಜೊತೆ ಬಾಡಿಗೆ ಮಂಚದಲ್ಲಿ ಮಲಗುತ್ತಾರೆ. ಅಲ್ಲಿ ಯಾರಿಗೂ ನಾಚಿಕೆಯಿಲ್ಲ. ಅದೇ ಮನುಷ್ಯ ಊರಿಗೆ ಬಂದು ಎರಡು ಕೋಣೆಯ ಒಳ್ಳೆಯ ಮನೆಯನ್ನು ಬಾಡಿಗೆಗೆ ಹಿಡಿದರೆ ತಲೆ ತಗ್ಗಿಸಬೇಕು. ಮದುವೆ ಸಂಬಂಧ ನೋಡುವಾಗ ಹುಡುಗನ ನಮಾಝ್ ಹೇಗೆ, ನಡತೆ ಹೇಗೆ ಎನ್ನುವುದಕ್ಕಿಂತ ಮೊದಲು “ಸ್ವಂತ ಮನೆ ಉಂಟಾ?” ಎಂದು ಕೇಳುತ್ತೇವೆ. ಈ ಒಂದು ಪ್ರಶ್ನೆ ಎಷ್ಟು ಜನರನ್ನು ಸಾಲಕ್ಕೆ ತಳ್ಳಿದೆಯೋ ಅಲ್ಲಾಹನೇ ಬಲ್ಲ.

ಅವರ ಲೆಕ್ಕವನ್ನು ನಾನೂ ಕಾಗದದಲ್ಲಿ ಬರೆದು ನೋಡಿದೆ. ಫ್ಲ್ಯಾಟಿಗೆ 48 ಲಕ್ಷ. ಕೈಯಲ್ಲಿರುವುದು 18 ಲಕ್ಷ. ಬೇಕಾದದ್ದು 30 ಲಕ್ಷ. ಶೇ. 8.5ರ ಬಡ್ಡಿಗೆ 20 ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 26,000 ರೂಪಾಯಿ. ಒಟ್ಟು ಕಟ್ಟುವುದು 62 ಲಕ್ಷಕ್ಕೂ ಹೆಚ್ಚು. ಅಂದರೆ 30 ಲಕ್ಷ ತಂದು, ಅದರ ಮೇಲೆ 32 ಲಕ್ಷ ಬಡ್ಡಿ. ಬಡ್ಡಿ ಹರಾಮ್ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು, ಅದನ್ನು ನಾನು ಇಲ್ಲಿ ವಿವರಿಸುವುದಿಲ್ಲ. ಬರೀ ದುಡ್ಡಿನ ಲೆಕ್ಕ ನೋಡಿದರೂ ಭಯವಾಗುತ್ತದೆ. ಗಂಡನಿಗೆ ಈಗ 45 ವರ್ಷ. ಕಂತು ಮುಗಿಯುವಾಗ 65. ಅವರ ಇಖಾಮ ನವೀಕರಣವಾಗುವುದು ವರ್ಷಕ್ಕೊಮ್ಮೆ. ಒಂದು ವರ್ಷದ ಇಖಾಮವನ್ನು ನಂಬಿ ಇಪ್ಪತ್ತು ವರ್ಷದ ಕಂತು!

ಇದರ ಮೇಲೆ ನೋಂದಣಿ ಖರ್ಚು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಈ ಬೆಲೆಯ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿದರೆ ಶೇ. 7.6ರ ಆಸುಪಾಸು, ಅಂದರೆ ಮೂರೂವರೆ ಲಕ್ಷಕ್ಕೂ ಮೇಲೆ. ಇನ್ನೂ ಕಟ್ಟುತ್ತಿರುವ ಕಟ್ಟಡವಾದರೆ ಜಿಎಸ್‌ಟಿ ಬೇರೆ. ಮನೆಯ ಬೆಲೆ ಹೇಳುವಾಗ ಬ್ರೋಕರ್ ಇದನ್ನೆಲ್ಲ ಹೇಳುವುದಿಲ್ಲ.

ಈಗ ಅವರು ಕೊಡುವ ಬಾಡಿಗೆ 12,000. ವರ್ಷಕ್ಕೆ ಶೇ. 5ರಂತೆ ಏರಿಸಿದರೂ ಹತ್ತು ವರ್ಷಕ್ಕೆ ಒಟ್ಟು 18 ಲಕ್ಷ ಚಿಲ್ಲರೆ. ಇದು ಸಣ್ಣ ಮೊತ್ತ ಎಂದು ನಾನು ಹೇಳುವುದಿಲ್ಲ. ಆದರೆ ಹೊಳೆಗೆ ಹಾಕಿದ ದುಡ್ಡು ಇದಲ್ಲ. ಹತ್ತು ವರ್ಷ ಮಕ್ಕಳು ಮಳೆಯಲ್ಲಿ ನೆನೆಯದೆ ಕೂತು ಓದಿದ್ದಕ್ಕೆ ಕೊಟ್ಟ ಬೆಲೆ. ಹೊಳೆಗೆ ಹೋಗುವುದು ಯಾವುದು ಎಂದರೆ ಆ 32 ಲಕ್ಷ ಬಡ್ಡಿ.

“ಹತ್ತು ವರ್ಷದಲ್ಲಿ ಫ್ಲ್ಯಾಟಿನ ಬೆಲೆಯೂ ಏರುತ್ತದಲ್ಲ ಉಸ್ತಾದ್?” ಎಂದು ಅವಳ ಗಂಡ ಆಮೇಲೆ ಫೋನಿನಲ್ಲಿ ಕೇಳಿದರು. ಏರಬಹುದು. ಆದರೆ ಬೆಲೆ ಏರುವುದು ಹೆಚ್ಚಾಗಿ ನೆಲಕ್ಕೆ. ಗೋಡೆಗೆ ವಯಸ್ಸಾಗುತ್ತದೆ. ಫ್ಲ್ಯಾಟಿನಲ್ಲಿ ನಿಮ್ಮ ಪಾಲಿನ ನೆಲ ಎಷ್ಟು ಎಂದು ಕೇಳಿ ನೋಡಿ, ಒಂದು ಸೆಂಟ್ಸ್ ಬರುವುದೂ ಕಷ್ಟ. ಮತ್ತೆ ಏರಿದ ಬೆಲೆ ಕೈಗೆ ಬರುವುದು ಮಾರಿದರೆ ಮಾತ್ರ. ಮಾರಿ ಎಲ್ಲಿಗೆ ಹೋಗುವುದು?

ಇನ್ನು ಚಿನ್ನದ ವಿಷಯ. ಇದನ್ನು ನನ್ನ ಬಾಯಿಂದಲೇ ಹೇಳಬೇಕು, ಯಾಕೆಂದರೆ ಈ ತಪ್ಪನ್ನು ನಾನೇ ಮಾಡಿದ್ದೇನೆ. ಹನ್ನೊಂದು ವರ್ಷಗಳ ಹಿಂದೆ ನನ್ನ ಹೆಂಡತಿಯ ಒಂಬತ್ತು ಪವನ್ ಚಿನ್ನ ಮಾರಿ, ನನ್ನ ಉಳಿತಾಯವನ್ನೂ ಸೇರಿಸಿ ಐದು ಸೆಂಟ್ಸ್ ಜಾಗ ತೆಗೆದೆ. ಮದ್ರಸ ಅಧ್ಯಾಪಕರಿಗೆ ಜಮಾಅತಿನವರು ಕೊಟ್ಟ ಕ್ವಾರ್ಟರ್ಸೇ ಮನೆ. ಊರು ಬದಲಾದರೆ ಮನೆಯೂ ಬದಲು. ಒಂದು ಸ್ವಂತ ಜಾಗ ಇರಲಿ ಎಂದು ಆಸೆ. “ಕಾಗದ ಎಲ್ಲ ಸರಿ ಉಂಟು” ಎಂದು ಮಧ್ಯದವನು ಹೇಳಿದ, ನಾನು ನಂಬಿದೆ. ಮನೆ ಕಟ್ಟಲು ಪಂಚಾಯತಿಗೆ ಹೋದಾಗ ಗೊತ್ತಾಯಿತು: ಜಾಗ ಭೂಪರಿವರ್ತನೆ ಆಗಿಲ್ಲ, 9/11 ಇಲ್ಲ, ಲೈಸೆನ್ಸ್ ಸಿಗುವುದಿಲ್ಲ. ಇವತ್ತಿಗೂ ಅಲ್ಲಿ ಹುಲ್ಲು ಬೆಳೆಯುತ್ತದೆ. ನಾವು ಕ್ವಾರ್ಟರ್ಸಿನಲ್ಲೇ ಇದ್ದೇವೆ. ಚಿನ್ನದ ಬೆಲೆ ಎಲ್ಲಿಗೆ ಹೋಯಿತು ಎಂದು ನಿಮಗೆ ಗೊತ್ತು. ನನ್ನ ಹೆಂಡತಿ ಒಂದು ದಿನವೂ ಅದರ ಮಾತೆತ್ತಲಿಲ್ಲ. ಮಗಳ ಮದುವೆಯ ಮಾತು ಬಂದಾಗ ಮಾತ್ರ ಎದ್ದು ಅಡುಗೆ ಕೋಣೆಗೆ ಹೋಗುತ್ತಾಳೆ.

ಅದಕ್ಕೆ ಹೇಳುವುದು, ಮಹರ್ ಆಗಲಿ, ತವರಿನಿಂದ ಬಂದ ಚಿನ್ನವಾಗಲಿ, ಅದು ಹೆಂಡತಿಯ ಸೊತ್ತು. ಅವಳು ಮನಸ್ಸಾರೆ ದಾನವಾಗಿ ಕೊಟ್ಟರೆ ಬೇರೆ ಮಾತು. ಇಲ್ಲದಿದ್ದರೆ ಅದು ಗಂಡನ ಮೇಲಿನ ಸಾಲ. ಬರೆದಿಡಬೇಕು, ತೀರಿಸಬೇಕು. ಅಥವಾ ಕ್ರಯಪತ್ರದಲ್ಲಿ ಅವಳ ದುಡ್ಡಿಗೆ ಸರಿಯಾಗಿ ಅವಳ ಹೆಸರೂ ಬರಬೇಕು. ನಮ್ಮಲ್ಲಿ ನಡೆಯುವುದು ಏನು? ಚಿನ್ನ ಅವಳದ್ದು, ಮನೆ ಅವನ ಹೆಸರಿಗೆ. ನಾಳೆ ಅವನು ತೀರಿಹೋದರೆ, ಮಕ್ಕಳಿದ್ದಲ್ಲಿ ಹೆಂಡತಿಯ ಪಾಲು ಎಂಟರಲ್ಲಿ ಒಂದು. ತನ್ನದೇ ಚಿನ್ನದಿಂದ ಬಂದ ಮನೆಯಲ್ಲಿ ಅವಳು ಎಂಟನೇ ಒಂದು ಪಾಲಿನವಳಾಗುತ್ತಾಳೆ. ಶರೀಅತ್ ಅವಳಿಗೆ ಅನ್ಯಾಯ ಮಾಡಲಿಲ್ಲ. ಅವಳ ಸೊತ್ತನ್ನು ಅವನ ಹೆಸರಿಗೆ ಬರೆಸಿದ ನಾವು ಮಾಡಿದ್ದು.

ಹಾಗಾದರೆ ಮನೆ ತೆಗೆಯಲೇ ಬಾರದಾ? ತೆಗೆಯಬೇಕು. ವಯಸ್ಸಾದ ಉಮ್ಮ ಉಪ್ಪ ಇರುವವರಿಗೆ, ವಿಧವೆಯರಿಗೆ, ಹಾಸಿಗೆ ಹಿಡಿದ ಮಗುವಿರುವ ಮನೆಗೆ ವರ್ಷ ವರ್ಷ ಸಾಮಾನು ಹೊರುವುದು ಆಗುವುದಿಲ್ಲ. ಇನ್ನು ಕೆಲವು ಕಡೆ ನಮ್ಮ ಹೆಸರು ಕೇಳಿದ ಕೂಡಲೇ “ಮನೆ ಖಾಲಿ ಇಲ್ಲ” ಎನ್ನುವವರೂ ಇದ್ದಾರೆ. ಆ ಬೇಸರದಿಂದಲೇ ಸ್ವಂತ ಮನೆಗೆ ಓಡುವವರನ್ನು ನಾನು ದೂರುವುದಿಲ್ಲ. ನಾನು ಹೇಳುವುದು ಇಷ್ಟೇ: ಊರು ಬದಲಿಸಿದ ಕೂಡಲೇ ಅವಸರ ಮಾಡಬೇಡಿ.

ಪ್ರವಾದಿಯವರು(ಸ) ಮದೀನಾಕ್ಕೆ ಹಿಜ್ರಾ ಬಂದಾಗ ಮೊದಲು ಅಬೂ ಅಯ್ಯೂಬ್ ಅನ್ಸಾರಿಯವರ(ರ) ಮನೆಯಲ್ಲಿ ಕೆಲವು ತಿಂಗಳು ಇದ್ದರು. ಮಸೀದಿಗೆ ಗೊತ್ತಾದ ಜಾಗ ಇಬ್ಬರು ಅನಾಥ ಹುಡುಗರದ್ದು. ಉಚಿತವಾಗಿ ಕೊಡುತ್ತೇವೆ ಎಂದರೂ ಒಪ್ಪದೆ ಬೆಲೆ ಕೊಟ್ಟೇ ಪಡೆದರು. ಮಸೀದಿಯ ಪಕ್ಕದಲ್ಲಿ ಸಣ್ಣ ಕೋಣೆಗಳು ಎದ್ದದ್ದು ಆಮೇಲೆ. ಇನ್ನೊಬ್ಬರ ಮನೆಯಲ್ಲಿ ಕಳೆದ ಆ ತಿಂಗಳುಗಳಿಂದ ಯಾರ ಗೌರವ ಕಡಿಮೆಯಾಯಿತು?

ನನ್ನ ಸಲಹೆ: ಹೊಸ ಊರಿನಲ್ಲಿ ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆಯಲ್ಲಿ ಕಳೆಯಿರಿ. ಜುಲೈಯಲ್ಲಿ ಅಂಗಳಕ್ಕೆ ನೀರು ನುಗ್ಗುತ್ತದಾ, ಮೇ ತಿಂಗಳಲ್ಲಿ ಬಾವಿ ಬತ್ತುತ್ತದಾ, ಟ್ಯಾಂಕರ್ ತರಿಸಬೇಕಾ ಎಂದು ಗೊತ್ತಾಗುತ್ತದೆ. ಮಗಳು ಕಾಲೇಜಿನಿಂದ ಸಂಜೆ ಬರುವಾಗ ಬಸ್ ಸಿಗುತ್ತದಾ, ಚಿಕ್ಕವರಿಗೆ ಮದ್ರಸ ನಡೆಯುವ ದೂರದಲ್ಲಿ ಉಂಟಾ ಎಂದೂ ಗೊತ್ತಾಗುತ್ತದೆ. ಮಗಳ ಕಾಲೇಜು ನಾಲ್ಕೈದು ವರ್ಷ. ಅದು ಮುಗಿದ ಮೇಲೆ ನಿಮಗೆ ದೇರಳಕಟ್ಟೆ ಬೇಕಾ, ಊರೇ ಸಾಕಾ ಎಂದು ಆಗ ನೋಡಬಹುದು.

ಮನೆ ಹಿಡಿಯುವಾಗ ಕರಾರು ಕಾಗದದಲ್ಲಿರಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರನ್ನು ನೋಂದಾಯಿಸಬೇಕಾದ್ದರಿಂದ ಹೆಚ್ಚಿನವರು 11 ತಿಂಗಳಿಗೆ ಬರೆಯುತ್ತಾರೆ. ಅಡ್ವಾನ್ಸ್ ಎಷ್ಟು, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಂದು ಮೊದಲೇ ಬರೆಸಿ. “ಲೀಸ್‌ಗೆ ಕೊಡುತ್ತೇವೆ, ಆರು ಲಕ್ಷ ಕೊಡಿ, ಬಾಡಿಗೆ ಬೇಡ” ಎಂದರೆ ಯೋಚಿಸಿ. ವಾಪಸ್ ಬರುವ ಆರು ಲಕ್ಷ ಎಂದರೆ ಸಾಲ. ಸಾಲ ಕೊಟ್ಟದ್ದಕ್ಕೆ ಬಿಟ್ಟಿ ವಾಸ ಎಂದರೆ ಸಾಲದ ಮೇಲಿನ ಲಾಭ. ಅನೇಕ ಉಲಮಾಗಳು ಇದನ್ನು ಬಡ್ಡಿಗೇ ಸೇರಿಸುತ್ತಾರೆ. ನಿಮ್ಮ ಖತೀಬರಲ್ಲಿ ಕೇಳಿ ಮುಂದುವರಿಯಿರಿ. ಅದಲ್ಲದೆ ಆ ದುಡ್ಡನ್ನು ಮಾಲಕ ಎಲ್ಲಿಗೋ ಹಾಕಿ, ಬಿಡುವ ದಿನ ಕೈ ಎತ್ತಿದ ಸಂಗತಿಗಳೂ ಉಂಟು.

ತೆಗೆಯುವ ದಿನ ಬಂದಾಗ, ದುಡ್ಡು ಕೊಡುವ ಮೊದಲು ಕಾಗದಗಳನ್ನು ವಕೀಲರಿಗೆ ತೋರಿಸಿ. ಜಾಗವಾದರೆ ಆರ್‌ಟಿಸಿ, ಭೂಪರಿವರ್ತನೆ, 9/11, ಇಸಿ. ಹೊಸ ಫ್ಲ್ಯಾಟಾದರೆ ರೇರಾ ನೋಂದಣಿ ನೋಡಿ. 2016ರ ಆ ಕಾಯ್ದೆಯ ಪ್ರಕಾರ ಕರಾರು ನೋಂದಣಿ ಮಾಡದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಒಟ್ಟು ಬೆಲೆ ಮೊದಲೇ ನಿಗದಿಯಾಗಿ, ಬಡ್ಡಿಯಿಲ್ಲದೆ ಕೆಲಸ ನಡೆದ ಹಾಗೆ ಕಂತಿನಲ್ಲಿ ಕೊಡುವ ವ್ಯವಸ್ಥೆ ಸಿಕ್ಕಿದರೆ ಒಳ್ಳೆಯದು. ಅಲ್ಲಿಯವರೆಗೆ ಕೂಡಿಟ್ಟ ದುಡ್ಡಿಗೆ ಝಕಾತ್ ಉಂಟು ಎಂಬುದನ್ನು ಮರೆಯಬೇಡಿ. ಮನೆಗೆಂದು ಇಟ್ಟ 18 ಲಕ್ಷಕ್ಕೆ ವರ್ಷ ತುಂಬಿದರೆ 45,000 ಕೊಡಬೇಕು. ವಾಸಿಸುವ ಮನೆಗೆ ಝಕಾತ್ ಇಲ್ಲ, ಮನೆಯ ಹೆಸರಲ್ಲಿ ಇಟ್ಟ ದುಡ್ಡಿಗೆ ಉಂಟು.

ಕೊನೆಗೆ ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ನಗರದ ಅಂಚಿನ ಊರುಗಳಲ್ಲಿ ಈಗ ಪಳ್ಳಿಯ ಅನೇಕ ಸಫ್‌ಗಳಲ್ಲಿ ನಿಲ್ಲುವವರು ಬಾಡಿಗೆ ಮನೆಯವರು. ಕೆಲವು ಕಡೆ ಅವರಿಂದ ವಂತಿಗೆ ತೆಗೆದುಕೊಳ್ಳುತ್ತೇವೆ, ಸಭೆಗೆ ಕರೆಯುವುದಿಲ್ಲ. ಮಯ್ಯಿತ್ ಆದರೆ “ಸ್ವಂತ ಊರಿಗೆ ಕೊಂಡೊಯ್ಯುತ್ತೀರಾ?” ಎಂದು ಕೇಳುತ್ತೇವೆ. ಆ ಹೆಣ್ಣುಮಗಳು ಫೋನಿಡುವ ಮೊದಲು ಕೇಳಿದ ಮಾತು ಇದು: “ಉಸ್ತಾದ್, ಸ್ವಂತ ಮನೆ ಇಲ್ಲದಿದ್ರೆ ಇಲ್ಲಿ ನಮಗೆ ಖಬರಿಗೆ ಜಾಗ ಕೊಡ್ತಾರಾ?” ಮನೆ ತೆಗೆಯುವ ಅವಸರದ ಹಿಂದೆ ಇಂಥ ಭಯವೂ ಇರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ಆ ಭಯವನ್ನು ತೆಗೆಯುವುದು ಬ್ಯಾಂಕಿನಿಂದ ಆಗುವುದಿಲ್ಲ, ಜಮಾಅತಿನಿಂದ ಆಗುತ್ತದೆ. ಬಾಡಿಗೆಯವರ ಹೆಸರನ್ನೂ ದಫ್ತರಿನಲ್ಲಿ ಬರೆಯಿರಿ, ಸಭೆಗೆ ಕರೆಯಿರಿ.

ಅವರು ಸದ್ಯಕ್ಕೆ ಬಾಡಿಗೆ ಮನೆಯಲ್ಲೇ ಇದ್ದಾರೆ. ಮಗಳ ಓದು ಮುಗಿಯುವವರೆಗೆ ನೋಡುವಾ ಎಂದು ಗಂಡ ಒಪ್ಪಿದ್ದಾರೆ, ಪೂರ್ತಿ ಮನಸ್ಸಿನಿಂದ ಅಲ್ಲ. ಚಿನ್ನ ಅವಳ ಕಪಾಟಿನಲ್ಲಿ ಉಂಟು. ಮುಂದಿನ ಸಲ ಯಾರಾದರೂ ಹೊಸ ಊರಿಗೆ ಹೋಗಿದ್ದಾರೆ ಎಂದು ಕೇಳಿದರೆ, “ಮನೆ ಸ್ವಂತದ್ದಾ, ಬಾಡಿಗೆಯದ್ದಾ?” ಎಂಬ ಪ್ರಶ್ನೆಯನ್ನು ಬಿಟ್ಟು “ಸೌಖ್ಯವಾ?” ಎಂದು ಕೇಳೋಣ.