ಧೂಳು ಕೂರುವವರೆಗೆ ಕಾಯಬೇಕಂತೆ

ಯುದ್ಧ ನಡೆಯುತ್ತಿರುವಾಗ ಸಂಸ್ಕೃತಿಯ ಅಧ್ಯಯನವೇನು ಬಂತು, ಮೊದಲು ಗುಂಡಿನ ಸದ್ದು ನಿಲ್ಲಲಿ, ಧೂಳು ಕೂರಲಿ, ಆಮೇಲೆ ತಣ್ಣಗೆ ಕೂತು ಬರೆದರೆ ಅದು ವಿದ್ವತ್ತು, ಈಗ ಬರೆದರೆ ಬರೀ ಪ್ರಚಾರ. ಉಕ್ರೇನಿನ ಕುರಿತ ಸಂಶೋಧನೆಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಹೇಳುತ್ತಾರೆ. ಕೇಳಲು ಬಹಳ ಪ್ರಬುದ್ಧವಾಗಿದೆ. ನನಗೆ ಮಾತ್ರ ಇದು ಸೋಮಾರಿತನಕ್ಕೆ ಇಟ್ಟ ಮರ್ಯಾದಸ್ಥ ಹೆಸರಿನಂತೆ ಕಾಣುತ್ತದೆ.

ವೊಲೊದಿಮಿರ್ ವಕುಲೆಂಕೊ ಮಕ್ಕಳಿಗಾಗಿ ಬರೆಯುತ್ತಿದ್ದ ಲೇಖಕ. ಇಝ್ಯೂಮ್ ಪಟ್ಟಣದ ಪಕ್ಕದ ಕಪಿತೋಲಿವ್ಕ ಅವರ ಹಳ್ಳಿ. 2022ರ ಮಾರ್ಚ್‌ನಲ್ಲಿ ರಷ್ಯನ್ ಸೈನಿಕರು ಹಿಡಿದೊಯ್ಯುವ ಮುನ್ನ ಅವರು ತಮ್ಮ ದಿನಚರಿಯನ್ನು ತೋಟದ ಚೆರ್ರಿ ಮರದಡಿ ಹೂತಿಟ್ಟು, ತಂದೆಗೆ ಹೇಳಿದ್ದರು. ಸೆಪ್ಟೆಂಬರಿನಲ್ಲಿ ಊರು ಮರಳಿ ಉಕ್ರೇನಿನ ಕೈಗೆ ಬಂದಾಗ ಕಾದಂಬರಿಕಾರ್ತಿ ವಿಕ್ಟೋರಿಯಾ ಅಮೆಲಿನಾ ಅಲ್ಲಿಗೆ ಹೋಗಿ, ಆ ತಂದೆಯ ಮಾತು ಕೇಳಿ, ಮಣ್ಣು ಅಗೆದು ಅದನ್ನು ಹೊರತೆಗೆದರು. ಖಾರ್ಕಿವ್‌ನ ಸಾಹಿತ್ಯ ಸಂಗ್ರಹಾಲಯಕ್ಕೆ ಒಪ್ಪಿಸಿದರು. ವಕುಲೆಂಕೊ ಆಗಲೇ ಇಝ್ಯೂಮ್‌ನ ಕಾಡಿನ ಸಮಾಧಿಗಳಲ್ಲೊಂದರಲ್ಲಿದ್ದರು. ಧೂಳು ಕೂರಲೆಂದು ಕಾದಿದ್ದರೆ ಮಣ್ಣೊಳಗಿನ ಕಾಗದ ಎಷ್ಟು ಚಳಿಗಾಲ ತಡೆಯುತ್ತಿತ್ತು?

ಅಮೆಲಿನಾ ಅವರ ಕೆಲಸ ಯಾವ ವಿಭಾಗದ್ದು? ಸಾಹಿತ್ಯವೇ, ಕಾನೂನೇ, ಮೌಖಿಕ ಇತಿಹಾಸವೇ? ಯುದ್ಧಾಪರಾಧಗಳನ್ನು ದಾಖಲಿಸುವುದನ್ನು ಅವರು ಹೊಸದಾಗಿ ಕಲಿತಿದ್ದರು. ಕಾದಂಬರಿ ಬರೆಯುವ ಕಿವಿ ಸಾಕ್ಷಿ ಕೇಳುವುದಕ್ಕೂ ಬೇಕಾಗಿತ್ತು. 'ಬಹುಶಿಸ್ತೀಯ' ಎಂಬ ಪದ ನಮ್ಮ ಕಡೆ ಅನುದಾನದ ಅರ್ಜಿಯ ಮೊದಲ ಪುಟಕ್ಕೆ ಹಚ್ಚುವ ಅರಿಶಿನ ಕುಂಕುಮ. ಅಲ್ಲಿ ಅದು ಬೇರೆ ದಾರಿಯಿಲ್ಲದೆ ಬಂದದ್ದು. 2023ರ ಜೂನ್ 27ರಂದು ಕ್ರಮತೋರ್ಸ್ಕ್‌ನ ಉಪಾಹಾರ ಗೃಹವೊಂದಕ್ಕೆ ಕ್ಷಿಪಣಿ ಬಿದ್ದಾಗ ಅಮೆಲಿನಾ ಅಲ್ಲಿದ್ದರು. ಜುಲೈ 1ರಂದು ತೀರಿಕೊಂಡರು. 37 ವರ್ಷ. ಅರ್ಧಕ್ಕೆ ನಿಂತ ಅವರ ಪುಸ್ತಕ 2025ರಲ್ಲಿ ಹೊರಬಂತು.

ಕಾಯಿರಿ ಎನ್ನುವವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 1930ರ ದಶಕದಲ್ಲಿ ಸ್ಟಾಲಿನ್ ಆಡಳಿತ ಒಂದು ಇಡೀ ತಲೆಮಾರಿನ ಉಕ್ರೇನಿ ಬರಹಗಾರರನ್ನು ಮುಗಿಸಿತು. ನಾಟಕಕಾರ ಮಿಕೊಲಾ ಕುಲಿಶ್, ರಂಗನಿರ್ದೇಶಕ ಲೆಸ್ ಕುರ್ಬಾಸ್, ಕವಿ ಮಿಕೊಲಾ ಝೆರೋವ್ 1937ರ ನವೆಂಬರಿನಲ್ಲಿ ಕರೇಲಿಯಾದ ಸಂದರ್ಮೋಖ್ ಕಾಡಿನಲ್ಲಿ ಗುಂಡಿಗೆ ಬಲಿಯಾದರು. ಅವರನ್ನು ಹೂತ ಜಾಗ ಪತ್ತೆಯಾದದ್ದು 1997ರಲ್ಲಿ. ಅರವತ್ತು ವರ್ಷ ಧೂಳು ಚೆನ್ನಾಗಿಯೇ ಕೂತಿತ್ತು.

ಹಾಗೆಂದು ಈಗ ನಡೆಯುವ ಸಂಶೋಧನೆಯೆಲ್ಲ ಪವಿತ್ರವೆಂದು ನಾನು ಹೇಳುತ್ತಿಲ್ಲ. ಲಕ್ಷಾಂತರ ಜನ ದೇಶ ಬಿಟ್ಟಿರುವಾಗ, ಇನ್ನೊಂದು ಭಾಗ ಆಕ್ರಮಿತ ಪ್ರದೇಶದಲ್ಲಿರುವಾಗ, ದೂರವಾಣಿಯಲ್ಲಿ ಅಭಿಪ್ರಾಯ ಸಂಗ್ರಹಿಸಿದರೆ ಸಿಗುವುದು ಯಾರ ಅಭಿಪ್ರಾಯ? ಬಾಲ್ಯದಿಂದ ರಷ್ಯನ್ ಆಡಿದ ಹೆಂಗಸು 2022ರ ನಂತರ ಹಟ ಹಿಡಿದು ಉಕ್ರೇನಿಯನ್ನಿಗೆ ಬದಲಾಗಿದ್ದರೆ, ತನ್ನ ದುಃಖವನ್ನು ಯಾವ ಭಾಷೆಯಲ್ಲಿ ಹೇಳಬೇಕು? ಅಂಕಿಗಳ ಸಮಾಜಶಾಸ್ತ್ರಜ್ಞನಿಗೆ ಇಲ್ಲಿ ಭಾಷಾವಿಜ್ಞಾನಿ ಬೇಕು, ಇಬ್ಬರಿಗೂ ಮನೋವೈದ್ಯ ಬೇಕು. ಒಬ್ಬಳೇ ತಾಯಿಯನ್ನು ಒಬ್ಬರಾದ ಮೇಲೊಬ್ಬರು ಬಂದು ಮಗ ಹೇಗೆ ಸತ್ತ ಎಂದು ಕೇಳುವುದು ಸಂಶೋಧನೆಯಲ್ಲ, ಎರಡನೇ ಗಾಯ.

ನನ್ನ ಸಿಟ್ಟಿರುವುದು ಇನ್ನೊಂದು ಕಡೆ. ಲ್ವಿವ್‌ನ ನಗರ ಇತಿಹಾಸ ಕೇಂದ್ರದವರು ಯುದ್ಧ ಶುರುವಾದ ದಿನಗಳಿಂದಲೇ ಸಾಕ್ಷ್ಯಗಳನ್ನೂ ಟೆಲಿಗ್ರಾಂ ಸಂದೇಶಗಳನ್ನೂ ಸಂಗ್ರಹಿಸಿಡತೊಡಗಿದರು, ಅದೂ ಸೈರನ್ನಿನ ನಡುವೆ. ಇಂಥ ಕಡೆಯಿಂದ ಸಾಮಗ್ರಿ ತೆಗೆದುಕೊಂಡು, ಸಿದ್ಧಾಂತ ಮಾತ್ರ ಬೇರೆಲ್ಲೋ ತಯಾರಾಗಬೇಕೆಂಬ ಧೋರಣೆಯಿದೆಯಲ್ಲ, ಅದು ಹಳೆಯ ರೋಗ. ಉಕ್ರೇನಿನ ವಿದ್ವಾಂಸ ಗೋಷ್ಠಿಗೆ ಬಂದರೆ ಅವನಿಂದ ಅನುಭವ ಕೇಳುತ್ತಾರೆ, ವಾದ ಕೇಳುವುದಿಲ್ಲ. ಹಾರ್ವರ್ಡ್‌ನಲ್ಲಿ 1973ರಿಂದಲೇ ಉಕ್ರೇನ್ ಅಧ್ಯಯನ ಸಂಸ್ಥೆಯಿದೆ, ನಿಜ. ಆದರೆ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಉಕ್ರೇನ್ ರಷ್ಯನ್ ವಿಭಾಗದ ಮೂಲೆಯ ಕುರ್ಚಿಯಾಗಿಯೇ ಉಳಿದಿತ್ತು.

ನಾವೇನು ಕಡಿಮೆಯಲ್ಲ. ಸೋವಿಯತ್ ಕಾಲದ ಅಗ್ಗದ ಪುಸ್ತಕಗಳನ್ನು ಪ್ರೀತಿಯಿಂದ ಓದಿ ಬೆಳೆದ ಕನ್ನಡದ ಓದುಗರಿಗೆ ಅಲ್ಲಿಂದ ಬಂದದ್ದೆಲ್ಲ 'ರಷ್ಯನ್ ಸಾಹಿತ್ಯ'. ಗೊಗೊಲ್ ಹುಟ್ಟಿದ್ದು ಪೊಲ್ತಾವಾ ಸೀಮೆಯಲ್ಲಿ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. 1876ರಲ್ಲಿ ತ್ಸಾರ್ ಒಂದು ಆದೇಶದಿಂದ ಉಕ್ರೇನಿಯನ್ ಮುದ್ರಣವನ್ನೇ ಹೆಚ್ಚುಕಡಿಮೆ ನಿಲ್ಲಿಸಿದ್ದ. ಭಾಷೆಗಾಗಿ ಬೀದಿಗಿಳಿದ ನಮಗೆ ಈ ಸಂಗತಿ ಗೊತ್ತಿಲ್ಲದಿರುವುದು ಹೇಗೆ? 2022ರ ಮಾರ್ಚ್ 1ರಂದು ನಮ್ಮ ರಾಜ್ಯದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಸತ್ತಾಗ ಕೆಲವು ವಾರ ಆ ಊರಿನ ಹೆಸರು ನಮ್ಮೆಲ್ಲರ ಬಾಯಲ್ಲಿತ್ತು. ನಂತರ ಮರೆತೆವು. 2024ರ ಮೇ 23ರಂದು ಅದೇ ಊರಿನ ಫಾಕ್ತೋರ್ ದ್ರುಕ್ ಮುದ್ರಣಾಲಯದ ಮೇಲೆ ಕ್ಷಿಪಣಿ ಬಿದ್ದು ಏಳು ಜನ ಕೆಲಸಗಾರರು ಸತ್ತರು, ಸಾವಿರಾರು ಪುಸ್ತಕಗಳು ಸುಟ್ಟುಹೋದವು. ನಮ್ಮ ಎಷ್ಟು ಸಾಹಿತ್ಯ ವಿಭಾಗಗಳಲ್ಲಿ ಅವತ್ತು ಇದು ಮಾತಿಗೆ ಬಂತು?