ವೀಲಿಂಗ್ ಹುಡುಗರಿಗೆ ಕೇಸ್ ಇದೆ, ಟ್ರ್ಯಾಕ್ ಎಲ್ಲಿದೆ?

2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ತಿರ, ತುಮಕೂರು ರಸ್ತೆಯ ಫ್ಲೈಓವರ್ ಮೇಲೆ ವೀಲಿಂಗ್ ಮಾಡುತ್ತಿದ್ದ ಹುಡುಗರ ಎರಡು ಸ್ಕೂಟರ್‌ಗಳನ್ನು ಜನ ಎತ್ತಿ ಕೆಳಕ್ಕೆ ಎಸೆದರು. ಆ ವಿಡಿಯೊ ನೀವೂ ನೋಡಿರುತ್ತೀರಿ. ನೋಡಿದ ಬಹಳ ಜನಕ್ಕೆ ಖುಷಿಯೇ ಆಯ್ತು. ನನಗೂ ಒಂದು ಕ್ಷಣ ಆಯ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುತ್ತಿರುವವರ ಮುಂದೆ ಒಂದೇ ಚಕ್ರದ ಮೇಲೆ ಗಾಡಿ ಓಡಿಸುವುದು ಶೋಕಿ ಅಲ್ಲ, ಅಪರಾಧ.

ಆದರೆ ಆ ಹುಡುಗರ ಕೈಯಲ್ಲಿದ್ದ ಕಸುವಿಗೆ ಈ ರಾಜ್ಯ ಬೇರೆ ಯಾವ ಜಾಗ ಕೊಟ್ಟಿದೆ? ಈ ಪ್ರಶ್ನೆ ನನಗೆ ಹುಟ್ಟಿದ್ದು ಕೋಲಾರದ ಕಡೆಯ ಒಂದು ಮಣ್ಣಿನ ಟ್ರ್ಯಾಕ್‌ನಲ್ಲಿ ಎರಡು ಸಲ ಬಿದ್ದೆದ್ದ ಮೇಲೆ.

ನಾನು ಓಡಿಸಿದ್ದು ಹೀರೊ ಎಕ್ಸ್‌ಪಲ್ಸ್ 200. ಮಣ್ಣಿನ ಹಾದಿಗೂ ಆಗುತ್ತೆ, ಆಫೀಸಿಗೂ ಆಗುತ್ತೆ ಅನ್ನೋ ಥರದ ಟ್ರೇಲ್ ಬೈಕ್. ಸುಮಾರು 160 ಕೆಜಿ ತೂಕ, ಮುಂದಿನ ಸಸ್ಪೆನ್ಷನ್ 190 ಮಿಲಿಮೀಟರ್ ಕುಗ್ಗುತ್ತದೆ. ನಿಜವಾದ 250 ಸಿಸಿ ಮೋಟೊಕ್ರಾಸ್ ಬೈಕ್ ತೂಗುವುದು 110 ಕೆಜಿಗಿಂತ ಕಡಿಮೆ, ಅದರ ಸಸ್ಪೆನ್ಷನ್ 300 ಮಿಲಿಮೀಟರ್ ದಾಟುತ್ತದೆ. ಅದಕ್ಕೆ ಹೆಡ್‌ಲೈಟ್ ಇಲ್ಲ, ಕನ್ನಡಿ ಇಲ್ಲ, ನಂಬರ್ ಪ್ಲೇಟ್ ಹಾಕಿಸುವ ಹಾಗೂ ಇಲ್ಲ. ಕಾಗದದ ಮೇಲೆ ಈ ವ್ಯತ್ಯಾಸ ಸಣ್ಣದು ಅನಿಸಬಹುದು. ಮೊದಲ ದಿಬ್ಬ ಹಾರಿ ನೆಲಕ್ಕೆ ಬಿದ್ದಾಗ ಫೋರ್ಕ್ ಪೂರ್ತಿ ಕುಗ್ಗಿ 'ಧಡ್' ಅಂದ ಸದ್ದು ಮುಂಗೈಯಿಂದ ಹಲ್ಲಿನವರೆಗೂ ಬಂತು.

ಟ್ರ್ಯಾಕ್‌ನಲ್ಲಿ ಮೊದಲು ಕಲಿಸುವುದು ಹಾರುವುದನ್ನಲ್ಲ, ನಿಲ್ಲುವುದನ್ನು. ಫುಟ್‌ಪೆಗ್ ಮೇಲೆ ಎದ್ದು ನಿಲ್ಲಬೇಕು, ಮಂಡಿಯಲ್ಲಿ ಟ್ಯಾಂಕ್ ಒತ್ತಿ ಹಿಡಿಯಬೇಕು, ಮೊಣಕೈ ಅಗಲಿಸಬೇಕು. ಕಣ್ಣು ಚಕ್ರದ ಮೇಲಲ್ಲ, ಮುಂದಿನ ತಿರುವಿನ ಮೇಲಿರಬೇಕು. ದಿಬ್ಬದ ತುದಿಗೆ ಬಂದಾಗ ಯಾರಿಗಾದರೂ ಹೆದರಿಕೆಯಾಗಿ ಥ್ರಾಟಲ್ ಬಿಡೋಣ ಅನಿಸುತ್ತದೆ. ಕಲಿಸುತ್ತಿದ್ದವನು ನನಗಿಂತ ಎಂಟು ವರ್ಷ ಚಿಕ್ಕವನು. "ಸರ್, ಹೆದರ್ಕೊಂಡು ರೇಸ್ ಬಿಟ್ರೆ ಗಾಡಿ ಮೂತಿ ಕೆಳಗೆ ಹೋಗುತ್ತೆ. ಕೊಟ್ಟಿರೋದನ್ನ ಹಾಗೇ ಹಿಡ್ಕೊಳ್ಳಿ" ಅಂದ. ಮೊದಲ ಸಲ ಬಿಟ್ಟೆ, ಬಿದ್ದೆ.

ಇನ್ನೊಂದು ಪಾಠ ಹಳದಿ ಬಾವುಟದ್ದು. ದಿಬ್ಬದ ಆಚೆ ಯಾರೋ ಬಿದ್ದಿದ್ದರೆ ಹಿಂದಿನವರಿಗೆ ಕಾಣುವುದಿಲ್ಲ. ಅಲ್ಲಿ ನಿಂತ ಮಾರ್ಷಲ್ ಬಾವುಟ ಬೀಸಿದರೆ ಹಾರುವ ಹಾಗಿಲ್ಲ, ಮುಂದಿನವರನ್ನು ದಾಟುವ ಹಾಗೂ ಇಲ್ಲ. ನಿನಗೆ ಕಾಣದಿರುವ ಒಬ್ಬ ಮನುಷ್ಯ ಅಲ್ಲಿದ್ದಾನೆ ಅಂತ ನಂಬಿ ವೇಗ ಇಳಿಸಬೇಕು. ಲೈಸೆನ್ಸ್‌ಗೆ 8 ಹಾಕುವಾಗ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಕ್ಲಚ್ ಹಿಡಿಯಲು ಬೆರಳಲ್ಲಿ ಶಕ್ತಿ ಇರಲಿಲ್ಲ. ವಾಪಸ್ ಬರುವಾಗ ಹೈವೇಯಲ್ಲಿ ಲಾರಿ ಹಿಂದೆಯೇ ಅರವತ್ತರಲ್ಲಿ ಬಂದೆ.

ಈಗ ಕಾನೂನಿನ ಕಡೆ ನೋಡಿ. ಮೋಟಾರು ವಾಹನ ಕಾಯ್ದೆಯ ಕಲಂ 189ರ ಪ್ರಕಾರ ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. 2019ರ ತಿದ್ದುಪಡಿಯಲ್ಲಿ ಬಂದ ಕಲಂ 199ಎ ಇನ್ನೂ ಕಠಿಣ. ಅಪ್ರಾಪ್ತ ಹುಡುಗ ತಪ್ಪು ಮಾಡಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದೆಲ್ಲ ಇರಲಿ, ಬೇಡ ಅನ್ನುತ್ತಿಲ್ಲ. ಆದರೆ 'ಇಲ್ಲಿ ಮಾಡಬೇಡ' ಅನ್ನುವ ಸರ್ಕಾರ 'ಅಲ್ಲಿ ಮಾಡು' ಅಂತ ತೋರಿಸಲು ಒಂದು ಜಾಗವನ್ನಾದರೂ ಇಟ್ಟುಕೊಳ್ಳಬೇಕಲ್ವಾ?

ಪ್ರತಿಭೆಯ ಕೊರತೆಯಂತೂ ಇಲ್ಲ. 2015ರಲ್ಲಿ ಡಕಾರ್ ರ‍್ಯಾಲಿಯಲ್ಲಿ ಓಡಿದ ಮೊದಲ ಭಾರತೀಯ ಬೈಕ್ ಸವಾರ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಇಲ್ಲಿಯವರೇ. 2024ರಲ್ಲಿ ಸೂಪರ್‌ಕ್ರಾಸ್ ಲೀಗ್ ಬೆಂಗಳೂರಿಗೂ ಬಂತು. ಮಣ್ಣು ಸುರಿದು ದಿಬ್ಬ ಕಟ್ಟಿದರು, ಟಿಕೆಟ್ ಮಾರಿದರು. ನಮ್ಮ ಹುಡುಗರು ಪ್ರೇಕ್ಷಕರಾಗಿ ಬಂದು ಹೋದರು.

ಅಭ್ಯಾಸಕ್ಕೆ ಇರುವುದು ಖಾಸಗಿ ಟ್ರ್ಯಾಕ್‌ಗಳು. ಅವರು ದುಡ್ಡು ಕೇಳುವುದು ತಪ್ಪಲ್ಲ, ಮಾರ್ಷಲ್‌ಗೆ, ಜೆಸಿಬಿಗೆ, ಆಂಬುಲೆನ್ಸ್‌ಗೆ ಖರ್ಚಿದೆ. ಆದರೆ ಆಮದಾಗುವ 250 ಸಿಸಿ ಮೋಟೊಕ್ರಾಸ್ ಬೈಕ್‌ಗೆ ಎಂಟು ಲಕ್ಷದ ಆಸುಪಾಸು ಬೀಳುತ್ತದೆ. ನಂಬರ್ ಇಲ್ಲದ್ದರಿಂದ ಅದನ್ನು ಟ್ರ್ಯಾಕ್‌ಗೆ ಸಾಗಿಸಲು ಇನ್ನೊಂದು ಗಾಡಿ ಬೇಕು. ಬೂಟು, ಹೆಲ್ಮೆಟ್, ಎದೆಗವಚದ ಲೆಕ್ಕ ಬೇರೆ. ಗ್ಯಾರೇಜ್‌ನಲ್ಲಿ ಸ್ಪ್ಯಾನರ್ ಹಿಡಿಯುವ ಹುಡುಗ, ಡೆಲಿವರಿ ಹುಡುಗ ಅದರ ಹತ್ತಿರವೂ ಸುಳಿಯಲಾರ. ದುಡ್ಡಿರುವವರು ವೀಕೆಂಡ್‌ನಲ್ಲಿ ಮಲೆನಾಡಿನ ಹುಲ್ಲುಗುಡ್ಡಗಳ ಮೇಲೆ ಗಾಡಿ ಹತ್ತಿಸುತ್ತಾರೆ. ಚಕ್ರ ಕೊರೆದ ಗೆರೆ ಮಳೆಗಾಲದಲ್ಲಿ ಕೊರಕಲಾಗಿ ಮಣ್ಣೆಲ್ಲ ಕೊಚ್ಚಿ ಹೋಗುತ್ತದೆ. ಅದಕ್ಕೆ ಮಾತ್ರ 'ಅಡ್ವೆಂಚರ್' ಅಂತ ಹೆಸರು. ಫ್ಲೈಓವರ್ ಮೇಲಿನದಕ್ಕೆ 'ಪುಂಡಾಟ'.

ಶಾಲೆಯಲ್ಲಿ ಶೌಚಾಲಯ ಇಲ್ಲದಿರುವಾಗ ಪೆಟ್ರೋಲ್ ಸುಡುವ ಆಟಕ್ಕೆ ಸರ್ಕಾರದ ದುಡ್ಡು ಯಾಕೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಮೋಟೊಕ್ರಾಸ್ ಟ್ರ್ಯಾಕ್‌ಗೆ ಗ್ಯಾಲರಿ, ಸಿಂಥೆಟಿಕ್ ಹಾಸು ಏನೂ ಬೇಡ. ಕೆಲಸ ಮುಗಿದು ಬಿಟ್ಟಿರುವ ಕಲ್ಲುಕ್ವಾರಿ, ಮಣ್ಣು, ಕೆಲವು ದಿನದ ಜೆಸಿಬಿ ಸಾಕು. ಗೋಮಾಳ ಮುಟ್ಟಬಾರದು, ಊರಿನಿಂದ ದೂರ ಇರಬೇಕು. ಸದ್ದು, ಧೂಳು ಎರಡೂ ನಿಜ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ವಿಭಾಗಕ್ಕೊಂದರಂತೆ ನಾಲ್ಕರಿಂದ ಶುರು ಮಾಡಬಹುದು. ಬಾಡಿಗೆಗೆ ಹತ್ತು ಟ್ರೇಲ್ ಬೈಕ್, ಗೇರ್, ತರಬೇತಿ ಪಡೆದ ಮಾರ್ಷಲ್‌ಗಳು. ನರಸಾಪುರದಲ್ಲಿ ಹೋಂಡಾ, ಮೈಸೂರಿನಲ್ಲಿ ಟಿವಿಎಸ್ ಗಾಡಿ ತಯಾರಿಸುತ್ತವೆ. ಕಂಪನಿಗಳ ಸಿಎಸ್‌ಆರ್ ಹಣ ಕೇಳಲು ಕ್ರೀಡಾ ಇಲಾಖೆಗೆ ಏನು ಸಂಕೋಚ?

ಟ್ರ್ಯಾಕ್ ಸುರಕ್ಷಿತ ಅಂತ ನಾನು ಹೇಳಲ್ಲ. 2021ರ ಡಕಾರ್‌ನಲ್ಲಿ ಬಿದ್ದ ಸಂತೋಷ್ ಅವರನ್ನು ವೈದ್ಯರು ಕೋಮಾದಲ್ಲಿಟ್ಟು ಚಿಕಿತ್ಸೆ ಕೊಡಬೇಕಾಯಿತು. ಟ್ರ್ಯಾಕ್ ಬಂದ ಕೂಡಲೇ ರಸ್ತೆ ಶುದ್ಧವಾಗುತ್ತೆ ಅಂತಲೂ ಅಲ್ಲ, ರೀಲ್ಸ್‌ಗೆ ಲೈಕ್ ಬೇಕಾದವನಿಗೆ ಫ್ಲೈಓವರ್ರೇ ಬೇಕು. ಆದರೆ ಟ್ರ್ಯಾಕ್‌ನಲ್ಲಿ ಬಿದ್ದವನ ಜೊತೆ ದಾರಿಹೋಕ ಸಾಯುವುದಿಲ್ಲ.

ಅವತ್ತು ಬೇಲಿಯಾಚೆ ಪಕ್ಕದ ಹಳ್ಳಿಯ ಮೂವರು ಹುಡುಗರು ಒಂದು ಸ್ಪ್ಲೆಂಡರ್‌ನಲ್ಲಿ ಬಂದು ಗಂಟೆಗಟ್ಟಲೆ ನೋಡುತ್ತಾ ನಿಂತಿದ್ದರು. "ಅಣ್ಣಾ, ಒಂದಿನಕ್ಕೆ ಎಷ್ಟು?" ಅಂತ ಕೇಳಿದ ಒಬ್ಬ. ಹೇಳಿದೆ. ಮೂವರೂ ಮುಖ ಮುಖ ನೋಡಿಕೊಂಡು ನಕ್ಕರು. ಗಾಡಿಗೆ ಕಿಕ್ ಹೊಡೆದು, ಹೆಲ್ಮೆಟ್ ಇಲ್ಲದೆ, ಮೇನ್ ರೋಡ್ ಕಡೆ ಹೋದರು.